ಜಮೀಲಕ್ಕನ ಫ್ರೀಜರಿನಲ್ಲಿ ಒಂದು ಲಾರಿ

ದುಬೈಯಲ್ಲಿ, ಜುಲೈ ತಿಂಗಳ ನಡುಮಧ್ಯಾಹ್ನ, ಮೈನಸ್ ನೂರು ಡಿಗ್ರಿ ಚಳಿಯಲ್ಲಿ, ಕಲ್ಲಾಗಿ ಹೋಗಿದ್ದ ಲಾರಿಯೊಂದನ್ನು ನಾನು ಬಾಯಿಂದ ಉಸಿರು ಊದಿ ಸ್ಟಾರ್ಟ್ ಮಾಡಿದ್ದೇನೆ. ಒಂದೇ ಉಸಿರಿಗೆ. ನಂಬದವರು ಶಿರ್ವದ ನಮ್ಮ ಇಗರ್ಜಿಯಲ್ಲಿ ಯಾರನ್ನಾದರೂ ಕೇಳಿ ನೋಡಲಿ. ಅಲೆಕ್ಸಾಂಡರ್ ಇದ್ದದ್ದಕ್ಕಿಂತ ಕಡಿಮೆ ಹೇಳುವ ಮನುಷ್ಯನೇ ಹೊರತು ಹೆಚ್ಚು ಹೇಳುವವನಲ್ಲ ಎಂದು ಅವರು ಹೇಳದಿದ್ದರೆ ನಾನು ಮೀಸೆ ಬೋಳಿಸುತ್ತೇನೆ. ಈ ಪಂಥದಲ್ಲಿ ಮೀಸೆ ಈಗಾಗಲೇ ಎರಡು ಸಲ ಹೋಗಿದೆ, ಆ ಮಾತು ಬೇರೆ.

ಇದು ೨೦೧೧ರಲ್ಲಿ ನಡೆದದ್ದು. ಅಲ್ ಕೂಜ್‌ನಲ್ಲಿ ಹಳೆ ಲಾರಿಗಳನ್ನು ಮಾರುವ ಯಾರ್ಡೊಂದರಲ್ಲಿ ನಾನು ಸೇಲ್ಸ್‌ಮನ್. ಲಾರಿಯನ್ನು ಬಿಚ್ಚಿ, ಕಟ್ಟಿ, ತೊಳೆದು, ಬಣ್ಣ ಬಳಿದು ಸಾಲಿನಲ್ಲಿ ನಿಲ್ಲಿಸುವುದು ಮೆಕ್ಯಾನಿಕ್ ಮುನಿಸ್ವಾಮಿಯ ಕೆಲಸ. ಅವನು ಕೋಲಾರದ ಕಡೆಯವನು. ಹಾಗೆ ನಿಲ್ಲಿಸಿದ ಲಾರಿಗೆ ಒಂದು ಚರಿತ್ರೆ ಕಟ್ಟುವುದು ನನ್ನ ಕೆಲಸ. ಹತ್ತು ವರ್ಷ ಸಿಮೆಂಟ್ ಹೊತ್ತು ಸೊಂಟ ಮುರಿದ ಲಾರಿ ನನ್ನ ಬಾಯಿಯಲ್ಲಿ, ಯಾರೋ ಶೇಖ್‌ನ ಓಟದ ಕುದುರೆಗಳನ್ನು ಮಾತ್ರ, ಅದೂ ವರ್ಷಕ್ಕೆರಡು ಸಲ, ಹೊತ್ತ ಲಾರಿಯಾಗುತ್ತಿತ್ತು. ಸುಡಾನಿನವರು, ಅಫ್ಘಾನಿಸ್ತಾನದವರು, ಆಫ್ರಿಕಾದವರು ಬರುತ್ತಿದ್ದರು. ಟೈರಿಗೆ ಒದೆಯುತ್ತಿದ್ದರು, ನನ್ನ ಕಥೆ ಕೇಳಿ ನಗುತ್ತಿದ್ದರು, ಲಾರಿ ಒಯ್ಯುತ್ತಿದ್ದರು.

ಅನ್ನಾ ಟೈರಿಗೆ ಒದೆಯಲಿಲ್ಲ.

ಸುಮಾರು ಐವತ್ತರ ಹೆಂಗಸು. ಗಿಡ್ಡ, ಅಗಲ, ಕೆನ್ನೆ ಎರಡೂ ಯಾರೋ ತಿಕ್ಕಿ ಬಿಟ್ಟಂತೆ ಕೆಂಪು. ಕೈಯಲ್ಲಿ ತಗ್ಗು ಬಿದ್ದ ಉಕ್ಕಿನ ಫ್ಲಾಸ್ಕು. ಜುಲೈ ತಿಂಗಳಲ್ಲಿ ನಮ್ಮಲ್ಲಿ ನಲ್ಲಿ ತಿರುಗಿಸಿದರೆ ಕುದಿನೀರು ಬರುತ್ತದೆ. ತಣ್ಣೀರು ಬೇಕಾದವರು ಗೀಸರನ್ನು ಆರಿಸಿಟ್ಟು ಅದರೊಳಗೆ ನಿಂತ ನೀರು ಹಿಡಿಯಬೇಕು. ಇದೊಂದು ನಾನು ಕಟ್ಟಿದ್ದಲ್ಲ. ಅಂಥ ಬಿಸಿಲಿನಲ್ಲಿ ನಿಂತು ಅವಳು ಫ್ಲಾಸ್ಕಿನಿಂದ ಹೊಗೆಯಾಡುವ ಚಹಾ ಸುರಿದುಕೊಂಡು ಕುಡಿಯುತ್ತಿದ್ದಳು. ಸಾಲಿನಲ್ಲಿದ್ದ ನೀಲಿ ಬಣ್ಣದ ಲಾರಿಯೊಂದರ ಮುಂದೆ ನಿಂತಳು. ಹಿಂದಿನ ಟ್ರೇಲರ್ ಇಲ್ಲದ, ಎಂಜಿನ್ನೂ ಕ್ಯಾಬಿನ್ನೂ ಮಾತ್ರ ಇರುವ ಲಾರಿ. ಇಲ್ಲಿ ಅದಕ್ಕೆ 'ಹೆಡ್' ಎನ್ನುತ್ತಾರೆ. ಅದರ ಅಡಿಗೆ ಬಗ್ಗಿ ನೋಡಿ, "ತುಕ್ಕು ಇಲ್ಲ," ಎಂದಳು. ಅವಳ ಇಂಗ್ಲಿಷ್ ನನ್ನದಕ್ಕಿಂತ ಒಡೆದದ್ದು, ಹಾಗಾಗಿ ನಮಗಿಬ್ಬರಿಗೂ ಚೆನ್ನಾಗಿ ಹೊಂದಿತು.

"ಮರುಭೂಮಿಯ ಲಾರಿಗೆ ಎಲ್ಲಿಯ ತುಕ್ಕು ಮೇಡಂ. ನೀರೇ ಕಂಡದ್ದಿಲ್ಲ."

"ಅದಕ್ಕೇ ಬಂದೆ. ನಮ್ಮಲ್ಲಿ ಎಲ್ಲಾ ತುಕ್ಕು." ಅವಳು ಬಾನೆಟ್ ಮೇಲೆ ಅಂಗೈ ಇಟ್ಟಳು. ಮೊಟ್ಟೆ ಒಡೆದು ಹಾಕಿದರೆ ಬೇಯುವಷ್ಟು ಸುಡುತ್ತಿತ್ತು, ಅವಳು ಕೈ ತೆಗೆಯಲಿಲ್ಲ. "ಇದು ಚಳಿಯಲ್ಲಿ ಏಳುತ್ತದಾ?"

"ಯಾವ ಊರು ನಿಮ್ಮದು?"

"ಸೈಬೀರಿಯಾ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ನಾನು ಲಾರಿಗೆ ಒರಗಿ ನಿಂತೆ, ಬೆನ್ನು ಸುಟ್ಟಿತು, ಮತ್ತೆ ನೆಟ್ಟಗಾದೆ. "ಚಳಿಯ ವಿಷಯ ನನಗೆ ಹೇಳುತ್ತೀರಾ ಮೇಡಂ. ನಾನು ಲಡಾಖ್‌ನಲ್ಲಿ ಹನ್ನೆರಡು ವರ್ಷ ಲಾರಿ ಓಡಿಸಿದವ. ಮೈನಸ್ ಅರವತ್ತು. ನಾವು ಉಗುಳಿದರೆ ಅದು ನೆಲಕ್ಕೆ ಮುಟ್ಟುವ ಮೊದಲು ಗೋಲಿಯಾಗಿ ಉರುಳಿಕೊಂಡು ಹೋಗುತ್ತಿತ್ತು."

ಎಣ್ಣೆ ಬಟ್ಟೆಯಲ್ಲಿ ಕೈ ಒರೆಸುತ್ತಿದ್ದ ಮುನಿಸ್ವಾಮಿ ಆ ಕಡೆ ತಿರುಗಿ ಕೆಮ್ಮಿದ. ನಾನು ಹೊಸ ಊರಿನ ಹೆಸರು ಹೇಳಿದಾಗಲೆಲ್ಲ ಅವನಿಗೆ ಕೆಮ್ಮು ಬರುತ್ತದೆ.

ಅನ್ನಾ ಗಂಭೀರವಾಗಿ ತಲೆಯಾಡಿಸಿದಳು. "ಹೌದು. ಗೋಲಿಯಾಗುತ್ತದೆ. ಬೀಳುವಾಗ ಟಣ್ ಎಂದು ಶಬ್ದವೂ ಬರುತ್ತದೆ."

ನನ್ನ ಜೀವಮಾನದಲ್ಲಿ ನನ್ನ ಸುಳ್ಳಿಗೆ ಒಬ್ಬರು ಸಾಕ್ಷಿ ಸಿಕ್ಕಿದ್ದು ಅದೇ ಮೊದಲು. ಖುಷಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಆಫೀಸಿನ ಏಸಿಯಲ್ಲಿ ಕೂತು ಅವಳು ಹೇಳಿದ ಸಂಗತಿಗಳನ್ನು ನಾನು ಇವತ್ತಿಗೂ ಹಾಗೇ ಹೇಳುತ್ತೇನೆ, ಏನೂ ಸೇರಿಸುವುದಿಲ್ಲ. ಸೇರಿಸಲು ಜಾಗವೇ ಇಲ್ಲ. ಚಳಿಗಾಲದಲ್ಲಿ ಮೈನಸ್ ಐವತ್ತಕ್ಕೆ ಇಳಿಯುವ ಅವಳ ಊರಿನ ಸಂತೆಯಲ್ಲಿ ಹಾಲನ್ನು ತಟ್ಟೆಯಾಕಾರದ ಗಟ್ಟಿಗಳಾಗಿ ಒಂದರ ಮೇಲೊಂದು ಪೇರಿಸಿ ಮಾರುತ್ತಾರಂತೆ. ಮನೆಗೊಯ್ದು ಕೊಡಲಿಯಲ್ಲಿ ಕಡಿದು ಪಾತ್ರೆಗೆ ಹಾಕಬೇಕು. ಮಾತಾಡಿದರೆ ಬಾಯಿಂದ ಹೊರಟ ಉಸಿರು ಕಿವಿಯ ಪಕ್ಕದಲ್ಲೇ ಪುಡಿಯಾಗಿ, ಒಣಹುಲ್ಲು ಸರಿದ ಹಾಗೆ ಸದ್ದು ಮಾಡುತ್ತಾ ಬೀಳುತ್ತದಂತೆ. ಕಬ್ಬಿಣದ ಸ್ಪ್ಯಾನರ್ ಕೈಜಾರಿ ಬಿದ್ದರೆ ಗಾಜಿನ ಹಾಗೆ ತುಂಡಾಗುತ್ತದೆ. ಚಳಿಗಾಲ ಬಂತೆಂದರೆ ಅಲ್ಲಿ ರಸ್ತೆ ಇರುವುದಿಲ್ಲ, ನದಿಯೇ ರಸ್ತೆ. ಹೆಪ್ಪುಗಟ್ಟಿದ ನದಿಯ ಮೇಲೆ ದಿನಗಟ್ಟಲೆ ಲಾರಿ ಓಡಿಸಿ, ಬೇರೆ ದಾರಿಯಿಲ್ಲದ ಹಳ್ಳಿಗಳಿಗೆ ಹಿಟ್ಟು, ಎಣ್ಣೆ, ಔಷಧಿ ಮುಟ್ಟಿಸಬೇಕು. ಡ್ರೈವರುಗಳು ಊಟ ಮಾಡುವಾಗಲೂ ಮಲಗುವಾಗಲೂ ಎಂಜಿನ್ ಆರಿಸುವುದಿಲ್ಲ.

ನಾನು ಸುಳ್ಳು ಹೇಳಿ ಹೇಳಿ ಏರಿದ ಏಣಿಯ ಕೊನೆಯ ಮೆಟ್ಟಿಲಿನಿಂದ ಅವಳ ನಿಜ ಶುರುವಾಗುತ್ತಿತ್ತು.

"ಆರಿದರೆ?" ಎಂದು ಕೇಳಿದೆ.

ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿಮಾಡಿದಳು. "ನನ್ನ ಗಂಡನ ಲಾರಿ ನದಿಯ ಮೇಲೆ ಆರಿತು. ಬೆಳಿಗ್ಗೆ ಬೇರೆ ಲಾರಿಯವರು ನೋಡಿದರು. ಕೂತೇ ಇದ್ದ. ಕೈ ಕೀಲಿಯ ಮೇಲೆ ಇತ್ತು."

ಬಾಗಿಲ ಬಳಿ ನಿಂತಿದ್ದ ಮುನಿಸ್ವಾಮಿ ತಲೆಯ ಟೋಪಿ ತೆಗೆದ.

"ಈ ಚಳಿಗಾಲ ಆ ದಾರಿಯಲ್ಲಿ ನಾನು ಹೋಗುತ್ತೇನೆ," ಎಂದಳು ಅನ್ನಾ. "ಒಬ್ಬಳೇ. ಅದಕ್ಕೆ ಕೇಳಿದೆ. ಆರಿದರೆ, ತಣ್ಣಗಾದರೆ, ಇದು ಮತ್ತೆ ಏಳುತ್ತದಾ?"

ಇಂಥ ಹೊತ್ತಿನಲ್ಲಿ ಸುಮ್ಮನಿರುವವನು ಸೇಲ್ಸ್‌ಮನ್ ಅಲ್ಲ. ಸುಮ್ಮನಿರದವನು ಮನುಷ್ಯನೇ ಅಲ್ಲ ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. "ನೀಲಿ ಲಾರಿ ಎದ್ದೇ ಏಳುತ್ತದೆ ಮೇಡಂ," ಎಂದೆ. "ಯಾವ ಚಳಿಯಲ್ಲಾದರೂ ಸರಿ. ನಾನು ಒಂದು ಉಸಿರು ಊದಿದರೆ ಸಾಕು, ಲಡಾಖ್‌ನ ವಿದ್ಯೆ."

"ತೋರಿಸು."

"ಈ ಬಿಸಿಲಲ್ಲಿ ಎಲ್ಲಿಂದ ಚಳಿ ತರಲಿ?"

ಮುನಿಸ್ವಾಮಿ ಕನ್ನಡದಲ್ಲಿ, ನನಗೆ ಮಾತ್ರ ತಿಳಿಯಲಿ ಎಂದು, ಮೆತ್ತಗೆ ಅಂದ: "ಇಷ್ಟುದ್ದ ಬಿಟ್ಟಿದ್ದೀಯಲ್ಲ ಅಲೆಕ್ಸಣ್ಣ, ಪಕ್ಕದಾಗೇ ಜಮೀಲಕ್ಕನ ಫ್ರೀಜರ್ ಐತೆ. ಅದ್ರೊಳ್ಗೆ ನಿಲ್ಸಿ ಊದ್ಬಿಡು."

ಕನ್ನಡ ಯಾವ ಭಾಷೆಯೆಂದು ಅನ್ನಾಳಿಗೆ ಗೊತ್ತಿರಲಿಲ್ಲ. ಆದರೆ ಫ್ರೀಜರ್ ಎಂಬ ಶಬ್ದ ಅವಳ ಕಿವಿಗೆ ಬಿತ್ತು. ಎದ್ದು ನಿಂತಳು.

ಭಟ್ಕಳದ ಜಮೀಲಕ್ಕ ನಮ್ಮ ಪಕ್ಕದ ಕೋಲ್ಡ್ ಸ್ಟೋರೇಜಿನ ಸೂಪರ್‌ವೈಸರ್. ಮೀನು, ಕೋಳಿ ತುಂಬುವ ಕೋಣೆಗಳು, ಒಂದೊಂದೂ ಇಗರ್ಜಿಯಷ್ಟು ದೊಡ್ಡವು. ರಮ್ಜಾನಿಗೆ ಬರುವ ಸರಕಿಗೆಂದು ಒಂದು ಕೋಣೆಯನ್ನು ಖಾಲಿ ಮಾಡಿ ತಣ್ಣಗಿರಿಸಿದ್ದರು. ಸರಕಿನ ಲಾರಿ ಹಿಂದಕ್ಕೆ ಸರಿದು ಒಳಗೇ ನುಗ್ಗುವಷ್ಟು ದೊಡ್ಡ ಬಾಗಿಲು ಅದಕ್ಕೆ.

"ಅಲೆಕ್ಸ್ ಭಾಯಿ, ಇದು ಮೀನಿಡುವ ಜಾಗ," ಎಂದಳು ಜಮೀಲಕ್ಕ. "ನಿಮ್ಮ ಲಾರಿ ಎಂತ, ಬಂಗುಡೆಯಾ?"

ನಾನು ಎಂಟು ಕಾರಣ ಕೊಟ್ಟೆ, ಎಂಟೂ ಬಿದ್ದುಹೋದವು. ಅನ್ನಾ ಒಂದೇ ಕಾರಣ ಕೊಟ್ಟಳು, ಗಂಡನದು. ಜಮೀಲಕ್ಕ ಅವಳ ಮುಖ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಮಧ್ಯಾಹ್ನದವರೆಗೆ. ಆಮೇಲೆ ಖಲಾಸ್. ಒಳಗೆ ಬೆಂಕಿ ಗಿಂಕಿ ಹಚ್ಚಿದ್ರೆ ನಿಮ್ಮನ್ನೇ ಹಾಕಿ ಬಾಗಿಲು ಮುಚ್ತೇನೆ, ಬೆಟ್ಟಿಗೆ ಪಾರ್ಸೆಲ್ ಕಳಿಸ್ತೇನೆ," ಎಂದಳು. ಬೆಟ್ಟಿ ನನ್ನ ಹೆಂಡತಿ.

ಆ ಸಂಜೆಯೇ ಫೋರ್ಕ್‌ಲಿಫ್ಟಿಗೆ ಕಟ್ಟಿ ನೀಲಿ ಲಾರಿಯನ್ನು ಒಳಗೆ ಎಳೆದೆವು. ನಮ್ಮ ಡೀಸೆಲ್ ಬಿಸಿಲ ನಾಡಿನ ಡೀಸೆಲ್. ತಣ್ಣಗಾದರೆ ಡಿಸೆಂಬರಿನ ತೆಂಗಿನೆಣ್ಣೆಯ ಹಾಗೆ ಗಟ್ಟಿಯಾಗುತ್ತದೆಂದು ಮುನಿಸ್ವಾಮಿ ಅದಕ್ಕೆ ಸೀಮೆಎಣ್ಣೆ ಬೆರೆಸಿದ್ದ. ಬಾಗಿಲ ಮೇಲಿನ ಬೋರ್ಡಿನಲ್ಲಿ ಮೈನಸ್ ಇಪ್ಪತ್ತೆಂಟು ಎಂದಿತ್ತು. ಆ ಬೋರ್ಡು ಸುಳ್ಳು ಎಂದೇ ನನ್ನ ವಾದ. ಒಳಗೆ ಕಾಲಿಟ್ಟಾಗ ನನ್ನ ಮೂಗಿನ ಕೂದಲು ಪಟಪಟನೆ ನೆಟ್ಟಗಾಯಿತು. ಹೊರಗೆ ಸುರಿದ ಬೆವರಿನಿಂದ ಒದ್ದೆಯಾಗಿದ್ದ ಅಂಗಿ ಬೆನ್ನ ಮೇಲೆ ಹಂಚಿನ ಹಾಗೆ ಗಟ್ಟಿಯಾಗಿ, ನಾನು ಬಗ್ಗಿದರೆ ಟರ್ರೆಂದಿತು. ಹನ್ನೆರಡು ವರ್ಷದ ಅನುಭವ ತೋರಿಸಲು ಲಾರಿಯ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದೆ. ಬಿಡಲು ನೋಡಿದರೆ ಬರಲಿಲ್ಲ. ಬೆವರಿದ ಅಂಗೈ ಕಬ್ಬಿಣಕ್ಕೆ ಅಂಟಿಬಿಟ್ಟಿತ್ತು.

"ಎಳೀಬೇಡ, ಎಳೀಬೇಡ," ಎಂದು ಮುನಿಸ್ವಾಮಿ ಓಡಿಬಂದ. "ಚರ್ಮ ಅಲ್ಲೇ ಬಿಟ್ಟು ಬತ್ತೀಯ."

ಅನ್ನಾ ಅವಸರವಿಲ್ಲದೆ ಬಂದು ಫ್ಲಾಸ್ಕಿನಿಂದ ಚಹಾ ಸುರಿದಳು. ಕೈ ಬಿಟ್ಟುಬಂತು. ಅಲೆಕ್ಸಾಂಡರ್ ಎಂಬ ಹೆಸರಿನವರನ್ನು ಅವಳ ಊರಿನಲ್ಲಿ ಸಾಶಾ ಎಂದು ಕರೆಯುತ್ತಾರಂತೆ. ನನ್ನ ಕೈಯನ್ನು ಮಗುವಿನ ಕೈಯ ಹಾಗೆ ತಿರುಗಿಸಿ ನೋಡಿ, "ಸಾಶಾ, ಲಡಾಖ್‌ನಲ್ಲಿ ಯಾರೂ ಕೈಗವಸು ಹಾಕುವುದಿಲ್ಲವಾ?" ಎಂದಳು.

ಲಡಾಖ್ ಅಲ್ಲಿಗೆ ಮುಗಿಯಿತು. ಅವಳು ನಗಲಿಲ್ಲ, ಅದೇ ಹೆಚ್ಚು ಉರಿಯಿತು. ಸುಟ್ಟ ಅಂಗೈಗಿಂತ ಹೆಚ್ಚು.

ಮರುದಿನ ಬೆಳಿಗ್ಗೆ ಅನ್ನಾ ಬರುವ ಮೊದಲೇ ನಾನೂ ಮುನಿಸ್ವಾಮಿಯೂ ಒಂದು ಸಲ ನೋಡಿಬಿಡೋಣ ಎಂದು ಜಮೀಲಕ್ಕನ ದಪ್ಪ ಕೋಟುಗಳನ್ನು ಹಾಕಿಕೊಂಡು ಒಳಗೆ ಹೋದೆವು.

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ನೀಲಿ ಲಾರಿ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಒಂದು ಬಿಳಿ ಪ್ರಾಣಿ ಕೂತಿತ್ತು. ಗಾಜಿನ ಮೇಲೆ, ಕನ್ನಡಿಗಳ ಮೇಲೆ, ಟೈರಿನ ಗೀರುಗಳ ಒಳಗೆ, ಎಲ್ಲೆಲ್ಲೂ ಕೂದಲಿನಷ್ಟು ಸಣ್ಣ ಬಿಳಿ ಎಳೆಗಳು ಬೆಳೆದಿದ್ದವು. ದೀಪ ಬಿದ್ದಲ್ಲಿ ಅವು ಒಂದೊಂದೂ ಬೇರೆಬೇರೆಯಾಗಿ ಮಿನುಗುತ್ತಿದ್ದವು. ಇಪ್ಪತ್ತು ವರ್ಷ ಲಾರಿಗಳ ನಡುವೆ ಬದುಕಿದ ನನಗೆ ಲಾರಿಯ ಮೌನ ಎಂದರೇನೆಂದು ಗೊತ್ತಿರಲಿಲ್ಲ. ನಮ್ಮ ಯಾರ್ಡಿನಲ್ಲಿ ನಿಂತ ಲಾರಿಯೂ ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತದೆ, ರಬ್ಬರು ನರಳುತ್ತದೆ, ಎಣ್ಣೆ ತೊಟ್ಟಿಕ್ಕುತ್ತದೆ. ಇದು ಏನೂ ಎನ್ನಲಿಲ್ಲ. ಒಳಗಿದ್ದದ್ದೆಲ್ಲ ನಿಂತಲ್ಲೇ ನಿಂತುಬಿಟ್ಟಿತ್ತು. ಮುನಿಸ್ವಾಮಿ ಇಗರ್ಜಿಗೆ ಬಂದವನ ಹಾಗೆ ಪಿಸುಗುಟ್ಟಿದ: "ಅಣ್ಣ, ಇದ್ನ ಮುಟ್ಟೋಕೂ ಭಯ ಆಯ್ತದೆ."

ಸೀಟು ಹಲಗೆಯಾಗಿತ್ತು. ಕೀಲಿ ತಿರುಗಿಸಿದೆ. 'ಕಟ್' ಎಂದಿತು. ಅಷ್ಟೆ.

ಹೊರಗೆ ಬೆಚ್ಚಗಿಟ್ಟಿದ್ದ ಬೇರೆ ಬ್ಯಾಟರಿಯನ್ನು ಮುನಿಸ್ವಾಮಿ ಓಡಿಹೋಗಿ ತಂದು ಜೋಡಿಸಿದ. ಈ ಸಲ ಎಂಜಿನ್, ಕೆಸರಲ್ಲಿ ಹೂತ ಎಮ್ಮೆ ಏಳಲು ನೋಡಿದಂತೆ, ಒಂದು ಸುತ್ತು ತಿರುಗಿತು, ಅರ್ಧ ಸುತ್ತು ತಿರುಗಿತು, ನಿಂತಿತು. ಅವನು ಎಣ್ಣೆ ನೋಡುವ ಕಡ್ಡಿ ಎಳೆದು ತೋರಿಸಿದ. ಅದರ ತುದಿಯಲ್ಲಿ ಎಣ್ಣೆ ಹಲಸಿನ ಮೇಣದ ಹಾಗೆ ಜೋತಾಡುತ್ತಿತ್ತು, ಬೀಳುತ್ತಿರಲಿಲ್ಲ.

"ಆಗಲ್ಲ ಅಣ್ಣ," ಎಂದ. "ಅವ್ರೂರಿನ ಲಾರಿಗೆ ಎಂಜಿನ್ ಕಾಯ್ಸೋ ಹೀಟರ್ ಬೇರೆ ಇರ್ತದಂತೆ. ಇದಕ್ಕೆ ಇಲ್ಲ. ಹೋಗಿ ಆಯಮ್ಮಂಗೆ ಹೇಳ್ಬಿಡಣ."

"ಹೇಳುವ," ಎಂದೆ. ಹೇಳುವ ಮನಸ್ಸು ನಿಜವಾಗಿಯೂ ಇತ್ತು. ಹೊರಗೆ ಬಂದು ಯಾರ್ಡಿನ ಹಿಂದಿನ ಮರಳ ದಿಬ್ಬದ ಮೇಲೆ ಕೂತೆ. ಕೂತದ್ದೇ ತಡ ಹಾರಿ ನಿಂತೆ. ಬಿಸಿಲು ಏರಿತ್ತು, ಮರಳು ಕಾದ ಹೆಂಚಾಗಿತ್ತು. ಆ ಉರಿಯಲ್ಲೇ ನನಗೆ ನಮ್ಮ ಅಜ್ಜಿಯ ನೆನಪಾಯಿತು. ಊರಲ್ಲಿ ಯಾರಿಗೆ ಸೊಂಟ ಹಿಡಿದರೂ ಅಜ್ಜಿ ಬಾಣಲೆಯಲ್ಲಿ ಮರಳು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದರು. ಗಂಟು ಎಷ್ಟು ಹೊತ್ತಾದರೂ ಬೆಚ್ಚಗಿರುತ್ತಿತ್ತು. ಇಲ್ಲಿ ಹುರಿಯುವ ಕೆಲಸವೂ ಇಲ್ಲ. ಇಡೀ ದೇಶವೇ ಬಾಣಲೆ.

ನನ್ನ ಕಾರಿನ ಡಿಕ್ಕಿಯಲ್ಲಿ ಲಾಂಡ್ರಿಗೆ ಕೊಡಲು ಬೆಟ್ಟಿ ಹಾಕಿದ್ದ ಗಂಟು ಇತ್ತು. ದಿಂಬಿನ ಕವರುಗಳು. ಅವಳ ಅಮ್ಮ ಮದುವೆಗೆಂದು ಕಸೂತಿ ಹಾಕಿ ಕೊಟ್ಟದ್ದು, ಒಂದೊಂದರ ಮೇಲೂ ಎರಡು ಗುಲಾಬಿ, ನಡುವೆ 'ಗುಡ್ ನೈಟ್'. ನಾನು ಮರಳು ತುಂಬತೊಡಗಿದೆ.

ಮುನಿಸ್ವಾಮಿ ಸೊಂಟಕ್ಕೆ ಕೈಕೊಟ್ಟು ನೋಡಿದ. "ಏನ್ ಮಾಡ್ತಿದ್ದೀಯ?"

"ಲಾರಿಗೆ ಸೊಂಟ ಹಿಡಿದಿದೆ ಮಾರಾಯ. ಹಿಡಿ ಇದನ್ನು."

"ಇದು ಮೋಸ ಅಲ್ವಾ ಅಣ್ಣ?"

"ಮೋಸ ಎಂತದು? ಶಾಖ."

ಅವನು ಒಪ್ಪಲಿಲ್ಲ, ಆದರೆ ಒಂದು ಎಂಜಿನ್ ಏಳುತ್ತದೋ ಇಲ್ಲವೋ ಎಂಬ ಪ್ರಶ್ನೆ ಎದುರಿಗಿದ್ದರೆ ಯಾವ ಮೆಕ್ಯಾನಿಕ್ಕಿಗೂ ಕೈ ಕಟ್ಟಿ ನಿಲ್ಲಲು ಆಗುವುದಿಲ್ಲ. ಗಂಟುಗಳನ್ನು ಹೊತ್ತು ನಾವು ಹೋಗುವುದನ್ನು ಜಮೀಲಕ್ಕ ನೋಡಿದಳು. "ಎಂತ ಭಾಯಿ, ಲಾರಿಗೆ ದಿಂಬಾ?"

"ರಾತ್ರಿ ನಿದ್ದೆ ಬರಲಿಲ್ಲವಂತೆ ಅಕ್ಕ."

ಎಂಜಿನ್ನಿನ ಹೊಟ್ಟೆಯಡಿ, ಎಣ್ಣೆ ನಿಲ್ಲುವ ತಟ್ಟೆಗೆ ಒತ್ತಿಕೊಂಡು ದಿಂಬುಗಳನ್ನು ಕಟ್ಟಿದೆವು. ಡೀಸೆಲ್ ಹಾಯುವ ಫಿಲ್ಟರಿಗೆ ಒಂದು ಸುತ್ತಿದೆವು. ಮೇಲೆ ಕಂಬಳಿ. ತಣಿದವನ್ನು ಬಿಚ್ಚಿ, ಹೊಸ ಬಿಸಿ ಮರಳು ತುಂಬಿ ಮತ್ತೆ ಕಟ್ಟಿದೆವು. ಜುಲೈ ತಿಂಗಳನ್ನು ಹೆಗಲ ಮೇಲೆ ಹೊತ್ತು ಜನವರಿಯೊಳಗೆ ಹೋಗುವುದು, ಬರುವುದು. ಒಂದು ಹೆಜ್ಜೆ ಈಚೆ ಕಣ್ಣಿಗೆ ಬೆವರು ಇಳಿಯುತ್ತಿತ್ತು, ಒಂದು ಹೆಜ್ಜೆ ಆಚೆ ಅದೇ ಬೆವರು ಹುಬ್ಬಿನಲ್ಲಿ ಗಟ್ಟಿಯಾಗುತ್ತಿತ್ತು. ಕೊನೆಗೊಮ್ಮೆ ಮುನಿಸ್ವಾಮಿ ಕಡ್ಡಿ ಎಳೆದ. ತುದಿಯಿಂದ ಎಣ್ಣೆಯ ಹನಿಯೊಂದು ನಿಧಾನವಾಗಿ ಉದ್ದವಾಗಿ, ಕಳಚಿ ಬಿತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಅಷ್ಟರಲ್ಲಿ ಹೊರಗಿನಿಂದ ಜಮೀಲಕ್ಕನ ಧ್ವನಿ: "ಭಾಯಿ, ಮೇಡಂ ಬಂದ್ರು. ಯಲ್ಲಾ, ಬೇಗ ಬೇಗ."

ಕತ್ತಲೆಯ ಮೂಲೆಯ ಪಕ್ಕದ ಬಾಗಿಲಿನಿಂದ ದಿಂಬುಗಳನ್ನೂ ಕಂಬಳಿಯನ್ನೂ ಹೊರಗೆ ಎಸೆದೆವು. ಎಲ್ಲವೂ ಹೋಯಿತು ಎಂದುಕೊಂಡೆವು.

ಅನ್ನಾ ಒಳಗೆ ಬಂದು ಬಿಳಿ ಲಾರಿಯ ಮುಂದೆ ನಿಂತಳು. ಅವಳ ಉಸಿರು ಮುಖದ ಮುಂದೆ ಮೋಡವಾಯಿತು. ಈ ಬಿಸಿಲ ಊರಿಗೆ ಬಂದ ಮೇಲೆ ಮೊದಲ ಸಲ ಅವಳ ಹೆಗಲು ಸಡಿಲವಾದದ್ದನ್ನು ನೋಡಿದೆ. ಮನೆಗೆ ಬಂದವಳ ಹಾಗೆ ಕಂಡಳು. ಕೈಗವಸು ತೆಗೆದು ಬಾನೆಟ್ ಮೇಲಿನ ಬಿಳಿ ಎಳೆಗಳ ಮೇಲೆ ಬೆರಳು ಆಡಿಸಿದಳು. ಇದು ಬರೀ ಚಳಿ, ಇದಕ್ಕೆ ಇಷ್ಟು ಗೌರವ ಯಾಕೆ ಎಂದು ಕೇಳುವಂತಿರಲಿಲ್ಲ. ಸತ್ತವರ ಮನೆಯಲ್ಲಿ ಹಾಸಿಗೆ ಮುಟ್ಟಿ ನೋಡುವ ಹಾಗೆ ಇತ್ತು.

ನನಗೆ ಆಟ ಬೇಕಿತ್ತು. ಬಾನೆಟ್ ಎತ್ತಿದೆ, ಗಾಳಿ ಎಳೆಯುವ ಕೊಳವೆಯ ಬಾಯಿಗೆ ಬಾಯಿ ಹತ್ತಿರ ತಂದೆ, ಕಣ್ಣು ಮುಚ್ಚಿ ಕೊಂಕಣಿಯಲ್ಲಿ ಏನೋ ಗುಣುಗಿದೆ. ಅದು ಬೆಟ್ಟಿ ತರಲು ಹೇಳಿದ್ದ ಸಾಮಾನುಗಳ ಪಟ್ಟಿ. ಆಮೇಲೆ ಒಂದು ಉದ್ದದ ಉಸಿರು ಊದಿ ಬಾನೆಟ್ ಇಳಿಸಿದೆ. "ಮುನಿ, ತಿರುಗಿಸು."

ಮೊದಲು ಏನೂ ಇಲ್ಲ. ಆಮೇಲೆ ಒಂದು ಸುತ್ತು, ಎಲ್ಲೋ ಆಳದಲ್ಲಿ ದೊಡ್ಡ ಬಂಡೆ ಮಗ್ಗುಲು ಬದಲಿಸಿದ ಹಾಗೆ. ಮತ್ತೊಂದು. ಮತ್ತೊಂದು, ಸ್ವಲ್ಪ ಬೇಗ. ಒಂದು ಕಡೆ ಏನೋ ಹೊತ್ತಿಕೊಂಡಿತು, ಆರಿತು, ಇನ್ನೊಂದು ಕಡೆ ಹೊತ್ತಿಕೊಂಡಿತು. ಹೊಗೆಯ ಕೊಳವೆಯಿಂದ ಹಾಲಿನಷ್ಟು ಬಿಳಿಯ ಹೊಗೆ ನುಗ್ಗಿತು. ಮೈಯೆಲ್ಲ ಒಮ್ಮೆ ನಡುಗಿ, ಲಾರಿ ಎದ್ದಿತು. ಗಾಜಿನ ಮೇಲಿನ, ಕನ್ನಡಿಗಳ ಮೇಲಿನ ಬಿಳಿ ಎಳೆಗಳೆಲ್ಲ ಒಮ್ಮೆಲೇ ಕಳಚಿ, ಗಾಳಿಯಲ್ಲಿ ತೇಲಿ, ದೀಪದ ಬೆಳಕಿನಲ್ಲಿ ಮಿಂಚುತ್ತಾ ನಮ್ಮೆಲ್ಲರ ತಲೆಯ ಮೇಲೆ ಇಳಿಯತೊಡಗಿದವು. ನೀಲಿ ಬಣ್ಣ ಚೂರುಚೂರಾಗಿ ಹೊರಬಂತು. ಜಮೀಲಕ್ಕ ಬಾಗಿಲಲ್ಲಿ ನಿಂತು ದುಪಟ್ಟಾ ಬಾಯಿಗೆ ಒತ್ತಿಕೊಂಡು, "ಸುಭಾನಲ್ಲಾ," ಎಂದಳು. ಮುನಿಸ್ವಾಮಿ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ, ಬಾಯಿ ತೆರೆದಿತ್ತು. ಮೋಸ ಮಾಡಿದವರು ನಾವೇ. ಆದರೂ ಆ ಕ್ಷಣ ನಮಗೂ ಅದು ಪವಾಡವೇ ಆಗಿತ್ತು. ಬೆಳಿಗ್ಗೆ ಹೆಣದ ಹಾಗೆ ಬಿದ್ದಿದ್ದನ್ನು ಕಣ್ಣಾರೆ ಕಂಡಿದ್ದೆವಲ್ಲ.

ಅನ್ನಾ ತನ್ನ ಭಾಷೆಯಲ್ಲಿ ಏನೋ ಅಂದಳು, ನನಗಲ್ಲ. ಆಮೇಲೆ ನನಗೆ ಹೇಳಿದಳು: "ಇದು ಅವನ ಹತ್ತಿರ ಇದ್ದಿದ್ದರೆ."

ಪೂರ್ತಿ ಮಾಡಲಿಲ್ಲ. ಬೇಕಾಗಿರಲಿಲ್ಲ. ಅಂಗೈಯನ್ನು ನಡುಗುವ ಬಾನೆಟ್ಟಿಗೆ ಒತ್ತಿ ಹಿಡಿದಿದ್ದಳು, ಅವಳ ಮುಖ ನಂಬಿಕೊಂಡುಬಿಟ್ಟಿತ್ತು. ನನ್ನ ಕಥೆಗಳನ್ನು ಜನ ಕೇಳುತ್ತಾರೆ, ನಗುತ್ತಾರೆ, ಹೋಗುತ್ತಾರೆ. ಯಾರೂ ನಂಬುವುದಿಲ್ಲ, ಆ ಧೈರ್ಯದಿಂದಲೇ ನಾನು ಹೇಳುವುದು. ಹೀಗೆ ನಂಬಿದ ಮುಖವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ಗೊತ್ತಾಗಲಿಲ್ಲ.

ಆಗ ಎಂಜಿನ್ನಿನ ಅಡಿಯಿಂದ ಧೊಪ್ಪೆಂದು ಏನೋ ಬಿತ್ತು.

ಮುನಿಸ್ವಾಮಿ ಕ್ಯಾಬಿನ್ನಿನ ಮೇಲಿನಿಂದ ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಅನ್ನಾ ಮಂಜಿನ ನೆಲದ ಮೇಲೆ ಅಂಗಾತ ಮಲಗಿ, ಲಾರಿಯಡಿ ತೆವಳಿ, ಅದನ್ನು ಎಳೆದುಕೊಂಡು ಬಂದಳು. ಎರಡು ಗುಲಾಬಿ. ಗುಡ್ ನೈಟ್. ಎಂಜಿನ್ ನಡುಗಿದ ರಭಸಕ್ಕೆ ಗಂಟು ಕಳಚಿತ್ತು, ಒಂದು ಮೂಲೆಯಿಂದ ಕಂದು ಮರಳು ಬಿಳಿ ನೆಲದ ಮೇಲೆ ಸುರಿಯುತ್ತಿತ್ತು. ಬಿದ್ದಲ್ಲೆಲ್ಲ ಮಂಜು ಕರಗಿ ಸಣ್ಣ ಗುಳಿಗಳಾಗುತ್ತಿದ್ದವು.

ಅವಳು ಒಂದು ಹಿಡಿ ಮರಳು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಮುಚ್ಚಿದಳು, ತೆರೆದಳು. ಸಿಟ್ಟು ಬಂದಿದ್ದರೆ ನಾನು ನಿಭಾಯಿಸುತ್ತಿದ್ದೆ. ಸಿಟ್ಟು ಬಂದ ಗಿರಾಕಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವಳು ಲೆಕ್ಕ ಹಾಕುವವಳಂತೆ ಆ ಮರಳನ್ನು ನೋಡುತ್ತಿದ್ದಳು.

"ಬೆಚ್ಚಗಿದೆ," ಎಂದಳು. ಆಮೇಲೆ ತಲೆ ಎತ್ತಿ, "ಸಾಶಾ, ಜನವರಿಯಲ್ಲಿ, ನದಿಯ ಮೇಲೆ, ಇದು ನನಗೆ ಎಲ್ಲಿ ಸಿಗುತ್ತದೆ?"

ನನ್ನ ನಾಲಿಗೆಯ ತುದಿಯಲ್ಲಿ ಒಂದು ಚಂದದ ಉತ್ತರ ಸಿದ್ಧವಾಗಿತ್ತು. ಇದು ಬ್ರೇಕಿನ ಪರೀಕ್ಷೆಗೆ ಇಡುವ ತೂಕ, ದುಬೈಯಲ್ಲಿ ಎಲ್ಲರೂ ಇಡುತ್ತಾರೆ, ಕಂಪನಿಯದೇ ಕವರು ಎಂದು. ಅಷ್ಟು ಒಳ್ಳೆಯ ಸುಳ್ಳು ಆಮೇಲೆ ನನಗೆ ಯಾವತ್ತೂ ಹೊಳೆದಿಲ್ಲ. ಬಾಯಿಯನ್ನೂ ತೆರೆದೆ. ಅವಳ ಇನ್ನೊಂದು ಕೈ ಮತ್ತೆ ಬಾನೆಟ್ಟಿನ ಮೇಲೆ ಬಂದಿತ್ತು.

"ಸಿಗುವುದಿಲ್ಲ," ಎಂದೆ.

ಅವಳು ಹಿಡಿಯಲ್ಲಿದ್ದ ಮರಳನ್ನು ನೆಲಕ್ಕೆ ಬಿಟ್ಟಳು.

"ಊದಿದ್ದು ನಾಟಕ. ನಾನು ಲಡಾಖ್ ನೋಡಿಲ್ಲ, ಲಾರಿ ಓಡಿಸಲಿಕ್ಕೂ ನನಗೆ ಬರುವುದಿಲ್ಲ. ಎರಡು ಗಂಟೆ ಬಿಸಿ ಮರಳಿನ ಶಾಖ ಕೊಟ್ಟು ಏಳಿಸಿದ್ದು. ಮುನಿಸ್ವಾಮಿ ಬೇಡ ಎಂದ, ನಾನೇ ಕೇಳಲಿಲ್ಲ."

"ಮರಳು ಇಲ್ಲದೆ?"

"ಬೆಳಿಗ್ಗೆ ನೋಡಿದೆವು."

"ಏನು ಮಾಡಿತು? ಸರಿಯಾಗಿ ಹೇಳು."

ಸರಿಯಾಗಿ ಹೇಳುವುದು ಎಷ್ಟು ಕಷ್ಟ ಎಂದು ಗೊತ್ತಾದದ್ದು ಆಗ. ಬಾಯಿಗೆ ಬಂದ ಎಮ್ಮೆಯನ್ನೂ ಬಂಡೆಯನ್ನೂ ಆಚೆ ತಳ್ಳಬೇಕಾಯಿತು. "ಒಂದು ಸಲ ಕಟ್ ಎಂದಿತು," ಎಂದೆ. "ಬೇರೆ ಬ್ಯಾಟರಿ ಹಾಕಿದೆವು. ಒಂದೂವರೆ ಸುತ್ತು ತಿರುಗಿ ನಿಂತಿತು. ಇಲ್ಲಿ ಮೈನಸ್ ಇಪ್ಪತ್ತೆಂಟು, ಬೋರ್ಡಿನಲ್ಲಿ ಇರುವುದೇ ನಿಜ. ನಿಮ್ಮಲ್ಲಿ ಐವತ್ತು. ಈ ಲಾರಿ ಅಲ್ಲಿ ಆರಿದರೆ ಏಳುವುದಿಲ್ಲ, ಅನ್ನಾ ಮೇಡಂ. ಇದನ್ನು ತಗೊಳ್ಳಬೇಡಿ."